ಕಪಾಟಿನ ತುಂಬ ಬೂಟು

ಹೊಸ ಕ್ಯಾಪ್ಟನ್ ಬಂದಾಗಿನಿಂದ ಸ್ಟೋರಿನ ಹವಾಲ್ದಾರರಿಗೆ ಊಟ ರುಚಿಸುತ್ತಿರಲಿಲ್ಲ. ಅಧಿಕಾರಿ ಎಂದಮೇಲೆ ಆಫೀಸಿನಲ್ಲಿ ಕೂತು ಸಹಿ ಹಾಕಬೇಕು, ಆಗಾಗ ಗದರಬೇಕು. ಈ ಮನುಷ್ಯ ನೋಡಿದರೆ ಕವಾಯತು ಮುಗಿದದ್ದೇ ಬ್ಯಾರಕ್ಕಿಗೆ ನುಗ್ಗುತ್ತಾನೆ, ಸಿಪಾಯಿಗಳ ಮಂಚದ ತುದಿಯಲ್ಲಿ ಕೂತು ಅದೂ ಇದೂ ಮಾತಾಡುತ್ತಾನೆ. ಕೆಲಸವಿಲ್ಲದೆ ಯಾರು ಹಾಗೆ ಮಾತಾಡುತ್ತಾರೆ? ಏನೋ ಕೆದಕುತ್ತಿದ್ದಾನೆ ಎಂದು ಹವಾಲ್ದಾರರ ತಲೆಯೊಳಗೆ ಹುಳ ಹೊಕ್ಕಿತ್ತು.

ನಾಯಬ್ ಸುಬೇದಾರ್ ಬಡ್ತಿ ಇನ್ನೇನು ಕೈಗೆ ಬರುವುದರಲ್ಲಿತ್ತು. ಅದಕ್ಕೆ ಇದೇ ಕ್ಯಾಪ್ಟನ್ನಿನ ಒಂದು ಒಳ್ಳೆಯ ಮಾತು ಬೇಕಿತ್ತು. ಸ್ಟೋರಿನಲ್ಲಿ ಒಂದು ಸೂಜಿಯೂ ಆಚೀಚೆ ಆಗದಂತೆ ಕಾದವರು ಅವರು. ಬೂಟಿನ ವಿಷಯದಲ್ಲಂತೂ ಮಹಾ ಕಟ್ಟುನಿಟ್ಟು. ಅಟ್ಟೆ ಬಾಯಿ ಬಿಟ್ಟರೂ ಸರಿ, ಹಳೆಯ ಜೋಡಿಯ ಅವಧಿ ಮುಗಿಯದೆ ಹೊಸದು ಸಿಗದು. "ನಿಯಮ ನಾನು ಮಾಡಿದ್ದಲ್ಲಪ್ಪ" ಎಂದು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ವಾಪಸಾದವರು ಬೆನ್ನ ಹಿಂದೆ ಏನನ್ನುತ್ತಾರೆಂಬುದೂ ಗೊತ್ತಿತ್ತು: ಬೂಟೆಲ್ಲ ಮಾರಿಕೊಂಡು ತಿಂದಿದ್ದಾನೆ.

ಒಂದು ಸಂಜೆ ಬ್ಯಾರಕ್ಕಿನ ಮುಂದೆ ಹಾದುಹೋಗುವಾಗ ಅವರು ಗಕ್ಕನೆ ನಿಂತರು. ಕ್ಯಾಪ್ಟನ್ ಪಕ್ಕದಲ್ಲಿ ಕೂತು ಪಿಸುಗುಡುತ್ತಿದ್ದವನು ಬೇರೆ ಯಾರೂ ಅಲ್ಲ, ಇದೇ ತುಕಡಿಯಲ್ಲಿ ಸಿಪಾಯಿಯಾಗಿದ್ದ ಅವರ ಸ್ವಂತ ಅಕ್ಕನ ಮಗ. ಮಾವನನ್ನು ಕಂಡದ್ದೇ ಅವನ ಮಾತು ನಿಂತಿತು, ಕಾಲು ಮಂಚದ ಕೆಳಗೆ ಸರಿಯಿತು. ಕ್ಯಾಪ್ಟನ್ "ನಾಳೆ ಬೆಳಿಗ್ಗೆ ಸ್ಟೋರಿಗೆ ಬರ್ತೀನಿ, ಹವಾಲ್ದಾರರೇ" ಎಂದಷ್ಟೇ ಹೇಳಿ ಎದ್ದುಹೋದರು.

ಚಾಡಿ ಹೇಳೋಕೆ ಇವನೇ ಆಗಬೇಕಿತ್ತೇ! ಹೆಗಲ ಮೇಲೆ ಹೊತ್ತು ಆಡಿಸಿದ್ದು, ಕೈ ಹಿಡಿದು ಸೇನೆಗೆ ಸೇರಿಸಿದ್ದು ಎಲ್ಲ ನೆನಪಾಗಿ ಹವಾಲ್ದಾರರು ದಡದಡನೆ ಸ್ಟೋರಿಗೆ ನಡೆದರು. ಬರಲಿ, ನಾನು ಕಳ್ಳನೋ ಅಲ್ಲವೋ ಕಣ್ಣಾರೆ ನೋಡಲಿ ಎಂದುಕೊಂಡು ಕಪಾಟುಗಳ ಧೂಳು ಒರೆಸಿದರು.

ಬೆಳಿಗ್ಗೆ ಕ್ಯಾಪ್ಟನ್ ಬಾಯಿ ತೆರೆಯುವ ಮೊದಲೇ ಅವರು ಕಪಾಟಿನ ಬಾಗಿಲು ಧಡಾರನೆ ತೆರೆದರು.

"ನೋಡ್ಕೊಳ್ಳಿ ಸರ್. ಎಲ್ಲಾ ಅಳತೆಯ ಬೂಟೂ ಇದೆ. ಒಂದು ಜೋಡಿ ಕಮ್ಮಿ ಬಂದ್ರೂ ನನ್ನ ತೋಳಿನ ಪಟ್ಟಿ ಕಿತ್ಕೊಳ್ಳಿ."

ಕ್ಯಾಪ್ಟನ್ ಮುಟ್ಟಲಿಲ್ಲ, ಎಣಿಸಲಿಲ್ಲ. ಅವರ ಮುಖ ಸಣ್ಣದಾಯಿತು.

"ಸ್ಟೋರಿಗೆ ಬೂಟೇ ಬಂದಿಲ್ಲ ಅಂದನಲ್ಲ ನಿಮ್ಮ ಅಳಿಯ? ಮೇಲಿನವರ ಹತ್ರ ಜಗಳ ಆಡಿಯಾದ್ರೂ ತರಿಸೋಣ, ನಿಮ್ಮನ್ನ ಕೇಳ್ಕೊಂಡು ಹೋಗೋಣ ಅಂತ ಬಂದೆ ನಾನು."

"ಬಂದಿಲ್ಲ ಅಂದನಾ? ಅವನಿಗೆ ಗೊತ್ತು ಸರ್. ಮೊನ್ನೆ ತಾನೇ ಬಂದು ಕೇಳಿದ್ದ. ಅವಧಿ ಮುಗಿದಿಲ್ಲ ಅಂತ ನಾನೇ…"

ಅವರು ಕಪಾಟಿನ ಬಾಗಿಲನ್ನು ಅರ್ಧ ಮುಚ್ಚಿದರು.

"ಬಾಯಿ ಬಿಟ್ಟ ಬೂಟಲ್ಲಿ ನೀರು ನುಗ್ಗಿ ಕಾಲು ಕೊಳೀತಿದ್ರೂ ನಿಮ್ಮ ಹೆಸರು ಎತ್ತಲಿಲ್ಲ ಅವನು" ಎಂದರು ಕ್ಯಾಪ್ಟನ್, ದನಿ ಏರಿಸದೆ. "ಬೂಟುಗಳನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ. ಹುಡುಗರನ್ನ ಯಾರು ನೋಡ್ಕೋಬೇಕಿತ್ತು, ಹವಾಲ್ದಾರರೇ?"

ಹವಾಲ್ದಾರರು ಕಪಾಟಿನತ್ತ ತಿರುಗಿದರು. ಅಳಿಯನ ಅಳತೆಯ ಜೋಡಿ ಎತ್ತಿಕೊಂಡು ಬ್ಯಾರಕ್ಕಿಗೆ ಓಡಿದರು. ನೆಲದ ಮೇಲೆ ಕೂತು ಅವನ ಕಾಲನ್ನು ತಮ್ಮ ತೊಡೆಯ ಮೇಲೆಳೆದುಕೊಂಡರು.

"ಬೂಟು ಇರೋದು ಸಾಹೇಬ್ರಿಗೆ ತೋರಿಸಿಬಿಟ್ರಾ ಮಾವ?" ಎಂದ ಅವನು. "ಇನ್ನು ನಿಮ್ಮ ಬಡ್ತಿ?"

"ಬಾಯಿ ಮುಚ್ಚು" ಎಂದರು. ಲೇಸನ್ನು ಪೂರ್ತಿ ಸಡಿಲಿಸಿ, ಮೆಲ್ಲಗೆ ತೂರಿಸಿ ನೋಡಿದರು. ಹಿಮ್ಮಡಿ ಒಳಗೆ ಹೋಗಲಿಲ್ಲ. ಬೂಟಿನ ಅಳತೆ ಸರಿಯಾಗಿಯೇ ಇತ್ತು. ಕಾಲು ಬಾತುಹೋಗಿತ್ತು.