ಚೊಕ್ಕಪ್ಪ ಊದಿದ ಧೂಳು

ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಎಲ್ಲರೂ ಅವನನ್ನು ಚೊಕ್ಕಪ್ಪ ಎಂದೇ ಕರೆಯುತ್ತಿದ್ದರು. ಕಲ್ಲಾಗಿ ಹೋದ ಹಳೆಯ ಪ್ರಾಣಿಗಳನ್ನು ಸೂಜಿಯಿಂದ ಕೆರೆದು ಬಿಡಿಸುವುದು ಅವನ ಕೆಲಸ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದ. ಬ್ರಷ್ಷನ್ನು ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. ಎಷ್ಟು ಮೆತ್ತಗಿದ್ದರೂ ಅದು ಗೀರುತ್ತದೆ ಎಂದು ಅವನ ವಾದ. ಎರಡು ಸಲ ಕೆರೆಯುವುದು, ತುಟಿ ಚೂಪು ಮಾಡಿ ಒಂದು ಸಲ ಊದುವುದು, ಮತ್ತೆ ಎರಡು ಸಲ ಕೆರೆಯುವುದು. ಊದಿದ ಧೂಳು ಎಲ್ಲಿಗೆ ಹೋಗುತ್ತದೆ ಎಂದು ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ಹೆಂಡತಿ ಕೇಳಿದರೆ, ನಿನ್ನ ಕಡೆಗಂತೂ ಬರುವುದಿಲ್ಲ ಬಿಡು ಎನ್ನುತ್ತಿದ್ದ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, ಕಟ್ಟಿಕೊಂಡು ಊದುವುದು ಹೇಗೆ ಎಂದು ನಗುತ್ತಿದ್ದ.

ಧೂಳು ಬೇರೆಲ್ಲಿಗೂ ಹೋಗಿರಲಿಲ್ಲ, ಅವನ ಎದೆಯೊಳಗೇ ಕೂತಿತ್ತು. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಇನ್ನು ವಾರಗಳ ಮಾತು ಎಂದು ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು. ಅವಳು ಹೇಳದಿದ್ದರೂ ಅವನಿಗೆ ಗೊತ್ತಿತ್ತು. ಹಾಸಿಗೆ ಹಿಡಿದವನು ಕೇಳಿದ್ದು ಒಂದನ್ನೇ: ನಿನ್ನ ಸೋಮಾರಿ ಹೋಳನ್ನು ಹೊಸ ಯಂತ್ರಕ್ಕೆ ಹಾಕಿ ನೋಡು, ನೀರಿನದ್ದೋ ನೆಲದ್ದೋ ತಿಳಿದುಕೊಂಡೇ ಹೋಗುತ್ತೇನೆ.

ಸೋಮಾರಿ ಹೋಳಿಗೆ ಇಪ್ಪತ್ತಾರು ವರ್ಷದ ಕಥೆಯಿತ್ತು. ಇಬ್ಬರೂ ಮದುವೆಯಾದ ಹೊಸತರಲ್ಲಿ ಒಂದು ಕಪ್ಪು ಚಪ್ಪಡಿ ಸೀಳಿದಾಗ, ಎರಡು ಹೋಳಿನಲ್ಲೂ ಅರ್ಧರ್ಧವಾಗಿ ಅಂಗೈ ಅಗಲದ ಪ್ರಾಣಿಯೊಂದು ಸಿಕ್ಕಿತ್ತು. ಜೇಡ, ಚೇಳುಗಳ ಮುತ್ತಜ್ಜನ ಕಡೆಯ ನೆಂಟ. ಹೊಟ್ಟೆಯ ಕೆಳಗೆ ಉಸಿರಾಡುವ ಅಂಗ, ನೋಟ್‌ಬುಕ್ಕಿನ ಹಾಳೆಗಳಂತೆ ಒಂದರ ಮೇಲೊಂದು ತೆಳು ಪದರ. ಒಂದು ಹೋಳು ಅವನಿಗೆ, ಒಂದು ಇವಳಿಗೆ. ಅವನು ಎಂಟು ತಿಂಗಳಲ್ಲಿ ಮುಗಿಸಿದ. ಇವಳು ಇನ್ನೂ ಸೂಜಿ ಮುಟ್ಟುವ ಮೊದಲೇ, ಒಂದು ಹೋಳು ಸಾಕು ಎಂದು ಆಗಿನ ಮುಖ್ಯಸ್ಥರು ಇನ್ನೊಂದನ್ನು ಡ್ರಾಯರಿಗೆ ಸೇರಿಸಿದರು. ಅಂದಿನಿಂದ ಅವನ ಬಾಯಲ್ಲಿ ಇವಳು ಸೋಮಾರಿ, ಅದು ಸೋಮಾರಿ ಹೋಳು.

ನೀರಿನಲ್ಲಾದರೆ ಆ ಹಾಳೆಗಳು ತಾವಾಗಿ ಬಿಡಿಬಿಡಿಯಾಗಿ ಆಡುತ್ತವೆ. ಗಾಳಿಗೆ ಬಂದರೆ ಒದ್ದೆ ಪುಸ್ತಕದ ಹಾಳೆಗಳಂತೆ ಅಂಟಿಕೊಂಡು ಉಸಿರು ಕಟ್ಟುತ್ತದೆ. ನೆಲಕ್ಕೆ ಹತ್ತಿ ಬದುಕಬೇಕಾದರೆ ಹಾಳೆಗೂ ಹಾಳೆಗೂ ನಡುವೆ ಪುಟ್ಟ ಪುಟ್ಟ ಕಂಬಗಳಿರಬೇಕು. ಚೊಕ್ಕಪ್ಪನ ಹೋಳಿನಲ್ಲಿ ಒಂದು ಕಂಬವೂ ಇರಲಿಲ್ಲ. ನೀರಿನ ಪ್ರಾಣಿ ಎಂದು ಮುಖ್ಯಸ್ಥರು ಬರೆದರು. ಇವನೊಬ್ಬ ಮಾತ್ರ, ಕಾಲು ನೋಡಿ, ಇದು ನಡೆದ ಕಾಲು ಎಂದು ಸಿಕ್ಕಸಿಕ್ಕವರ ಹತ್ತಿರ ವಾದಿಸಿದ. ಸೂಜಿ ಹಿಡಿಯುವವನ ಮಾತನ್ನು ಯಾರು ಕೇಳುತ್ತಾರೆ? ಕೇಳಿದವರೂ ತಲೆಯಾಡಿಸಿ ನಕ್ಕರು.

ಹೊಸ ಯಂತ್ರ ಕಲ್ಲನ್ನು ಒಡೆಯದೆಯೇ ಒಳಗನ್ನು ತೋರಿಸುವಂಥದ್ದು. ಹಿಂದಿನ ತಿಂಗಳಷ್ಟೇ ಅವನನ್ನೂ ಆಸ್ಪತ್ರೆಯಲ್ಲಿ ಅಂಥದ್ದೇ ಒಂದರೊಳಗೆ ಮಲಗಿಸಿದ್ದರು. ಪರದೆಯ ಮೇಲೆ ತನ್ನ ಹೋಳಿನ ಚಿತ್ರ ಮೂಡಿದಾಗ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟಳು. ಹಾಳೆಗೂ ಹಾಳೆಗೂ ನಡುವೆ ಕಂಬಗಳು, ಎಣಿಸಲಾಗದಷ್ಟು. ಎಂದೂ ಅವಳ ಕೈಹಿಡಿಯದಿದ್ದ ಸೋಮಾರಿತನ ಅಂದು ಹಿಡಿದಿತ್ತು.

ಹೋಲಿಸಿ ನೋಡೋಣವೆಂದು ಅವನ ಹೋಳನ್ನೂ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನಗು ಅಲ್ಲಿಗೇ ನಿಂತಿತು. ಹಾಳೆಗಳ ಮೇಲೆ ಸಾಲುಸಾಲಾಗಿ ಮೋಟು ಗುರುತುಗಳಿದ್ದವು, ಕೊಯ್ಲಾದ ಹೊಲದ ಕೂಳೆಯ ಹಾಗೆ. ಕಂಬಗಳು ಇಲ್ಲೂ ಇದ್ದವು. ಮರಳಿನ ಕಾಳು ಎಂದುಕೊಂಡು ಅವನೇ ಕೆರೆದು ಊದಿದ್ದ. ಬೇರೆ ಯಾರಾದರೂ ಸ್ವಲ್ಪ ಕೊಳಕಾಗಿ ಕೆಲಸ ಮಾಡಿದ್ದರೆ ಉಳಿದಿರುತ್ತಿದ್ದವು. ಅದು ನೆಲದ್ದು ಎಂದು ಊರೆಲ್ಲ ಹೇಳಿಕೊಂಡು ಬಂದವನೇ ಅದನ್ನು ನೀರಿಗೆ ತಳ್ಳಿದ್ದ.

ಈಗಿನ ಮುಖ್ಯಸ್ಥೆ ಸುದ್ದಿ ಕೇಳಿ ಅವಳ ಕೈ ಕುಲುಕಿದಳು. ಆದರೆ ಎರಡು ಹೋಳು ಎರಡು ಥರ ಇರುವುದೇಕೆ ಎಂದು ಹೋಳಿನ ಜೊತೆಗಿಡುವ ಕಾರ್ಡಿನಲ್ಲಿ ಬರೆಯಲೇಬೇಕು ಎಂದಳು. ಕಲ್ಲು ಸೀಳಿದಾಗ ಕಂಬಗಳೆಲ್ಲ ತನ್ನ ಹೋಳಿಗೇ ಬಂದವು ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ ಎಂದುಕೊಂಡಳು ಅವಳು. ಅವನಿಗೂ ಹಾಗೆಯೇ ಹೇಳುವುದು ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಗಟ್ಟಿ ಮಾಡಿಕೊಂಡಳು.

"ರೀ, ನೆಲದ್ದೇ. ನೀವು ಹೇಳಿದ್ದೇ ಸರಿ."

ಮೂಗಿನ ನಳಿಗೆಯ ಕೆಳಗೆ ಅವನ ಬಾಯಿ ನಕ್ಕಿತು, ಕಣ್ಣು ತುಂಬಿತು. ಕಂಬ ಎಷ್ಟು ದಪ್ಪ, ಎಷ್ಟು ಒತ್ತಾಗಿವೆ ಎಂದೆಲ್ಲ ತಡೆತಡೆದು ಕೇಳಿದ. ಆಮೇಲೆ, ತನ್ನ ಹೋಳಿನಲ್ಲಿ ಏಕೆ ಕಾಣಲಿಲ್ಲ ಎಂದ. ಸಿದ್ಧವಾಗಿಟ್ಟುಕೊಂಡಿದ್ದ ಸುಳ್ಳನ್ನು ಅವಳು ಹೇಳಿದಳು.

ಅವನು ಕಣ್ಣು ಮುಚ್ಚಿಕೊಂಡ. ಹೊದಿಕೆಯ ಮೇಲಿದ್ದ ಬಲಗೈಯ ಎರಡು ಬೆರಳು ಸೂಜಿ ಹಿಡಿದಂತೆ ಕೂಡಿ, ಎರಡು ಸಲ ಅಲ್ಲಾಡಿದವು. ತುಟಿ ಚೂಪಾಯಿತು. ಅಲ್ಲೇ ನಿಂತಿತು.

"ಎಲ್ಲಾ ಒಂದೇ ಎತ್ತರ ಇದ್ವು," ಎಂದ. "ಮರಳು ಎಲ್ಲಾದ್ರೂ ಒಂದೇ ಎತ್ತರ ಇರುತ್ತಾ? ನಾನೇ ಊದಿದೆ."

ಯಾರಿಗೂ ಗೊತ್ತಾಗುವುದಿಲ್ಲ, ತಾನು ಬರೆಯುವುದಿಲ್ಲ ಎಂದು ಅವಳು ಅವನ ಕೈ ಹಿಡಿದುಕೊಂಡು ಹೇಳಿದಳು. ಅವನ ಒಂದೇ ಒಂದು ತಪ್ಪು ಅದು. ಅದನ್ನು ತನ್ನ ಕೈಯಿಂದ ಹೇಗೆ ಬರೆಯುವುದು ಎಂದು ಅತ್ತಳು.

"ಬರಿ ಕಣೇ. ಇಲ್ಲದಿದ್ರೆ ಮುಂದೆ ಬರೋರೂ ಊದ್ತಾರೆ."

ಸ್ವಲ್ಪ ಹೊತ್ತು ಉಸಿರಿಗಾಗಿ ಒದ್ದಾಡಿ, ಮತ್ತೆ ಹೇಳಿದ: "ನಂಗೂ ಒಂದ್ ನಾಲ್ಕು ಕಂಬ ಇದ್ದಿದ್ರೆ ಸಾಕಿತ್ತು."

ತಮಾಷೆಗೆ ಹೇಳಿದ್ದು. ಅವನ ತಮಾಷೆಗೆ ಎಂದೂ ನಗದೆ ಇದ್ದವಳಲ್ಲ, ಅಂದೂ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರು ಸುಮ್ಮನೆ ಹರಿಯಲು ಬಿಟ್ಟು ನಿಂತಳು.

ಅವನು ಇನ್ನೂ ಒಂಬತ್ತು ದಿನ ಇದ್ದ. ಹತ್ತನೆಯ ಬೆಳಗ್ಗೆ ಅವಳು ದಿಂಬು ಸರಿಪಡಿಸುತ್ತಿದ್ದಾಗಲೇ ಹೋಗಿಬಿಟ್ಟ.

ಎರಡು ವಾರ ಬಿಟ್ಟು ಕೆಲಸಕ್ಕೆ ಬಂದಾಗ ಪಕ್ಕದ ಮೇಜನ್ನು ಯಾರೂ ಮುಟ್ಟಿರಲಿಲ್ಲ. ಅವಳು ಆ ಹೋಳಿನ ಕಾರ್ಡು ತೆಗೆದಳು. ಬಿಡಿಸಿದವರು ಎಂಬಲ್ಲಿ ಅವನ ಹೆಸರು, ಅವನದೇ ದುಂಡು ಅಕ್ಷರದಲ್ಲಿ. ಅದರ ಕೆಳಗೆ ನಷ್ಟ ಎಂಬಲ್ಲಿ ಒಂದು ಸಾಲಿನ ಜಾಗ ಖಾಲಿ. ತನ್ನ ಯಾವ ಕಾರ್ಡಿನಲ್ಲೂ ಆ ಜಾಗ ತುಂಬಿಲ್ಲ ಎಂದು ಅವನಿಗೆ ಎಷ್ಟು ಜಂಬವಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ ಬರೆದಳು: ಕಂಬಗಳು. ಬಾಯಿಂದ ಊದಿದ್ದರಿಂದ.

ಇನ್ನೊಂದು ನಷ್ಟಕ್ಕೂ ಅದೇ ಕಾರಣ ಬರೆಯಬಹುದಿತ್ತು. ಕಾರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಶಾಯಿ ಒದ್ದೆಯಾಗಿತ್ತು, ಒಣಗಿಸಲು ಅವಳ ತುಟಿ ತಾನಾಗಿ ಚೂಪಾಯಿತು. ಊದಲಿಲ್ಲ. ಶಾಯಿ ಒಣಗುವವರೆಗೂ ಉಸಿರು ಬಿಗಿಹಿಡಿದು ಕೂತಳು.