ಜೈಲೋಸಿಯ ಹೊಲದ ಹೊದಿಕೆ

ಹೆಣದ ಬಲಗೈಯನ್ನು ಉಜ್ಜುತ್ತಿದ್ದ ಬಿಸ್ವಿಕ್ ಮಣಿಕಟ್ಟಿನ ಹತ್ತಿರ ಬಂದು ನಿಲ್ಲಿಸಿದ. ಜೊಂಡಿನ ತಡಿಕೆಯ ಸಂದಿಯಿಂದ ಫಲೇಸಿಗೆ ಕಾಣುತ್ತಿದ್ದದ್ದು ಅವನ ಅಗಲವಾದ ಬೆನ್ನು ಮತ್ತು ತನ್ನ ಗಂಡನ ಆ ಒಂದು ಕೈ ಅಷ್ಟೆ. ಕೈ ಮೊಣಕೈವರೆಗೆ ಊದಿ ಕಪ್ಪಗಾಗಿತ್ತು. ಬಿಸ್ವಿಕ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಮತ್ತೆ ತೊಟ್ಟಿಯ ಪಕ್ಕಕ್ಕೆ ಇಟ್ಟ.

"ತಂಗೀ," ಎಂದ, ತಿರುಗದೆ. "ಹಾವು ಕಚ್ಚೋದು ಕಾಲಿಗಲ್ವಾ?"

"ಹೊಲದಲ್ಲಿ ಬಗ್ಗಿದ್ರು ಅಣ್ಣಾ."

"ಈ ತಿಂಗಳಲ್ಲಿ ಹೊಲದಲ್ಲಿ ಬಗ್ಗಿ ಕೀಳೋಕೆ ಏನಿದೆ? ಮಳೆ ಬಿದ್ದಿಲ್ಲ, ಕಳೆ ಹುಟ್ಟಿಲ್ಲ."

"ಗುದ್ದಲಿ ಎತ್ಕೊಳ್ಳೋಕೆ ಹೋದ್ರಂತೆ."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಅಳು ನಿಲ್ಲಿಸಿದರು. ಫಲೇಸಿಯ ದೊಡ್ಡಮ್ಮನ ಮಗಳು ಜಿಲಿಯಾತಿ ಮೂಗು ಒರೆಸಿಕೊಂಡು, ಗುದ್ದಲಿ ಮೊನ್ನೆಯಿಂದ ತಮ್ಮ ಮನೆಯಲ್ಲೇ ಇದೆಯಲ್ಲ, ತಾನೇ ಕೇಳಿ ಇಸ್ಕೊಂಡು ಹೋಗಿದ್ದೆನಲ್ಲ ಎಂದು ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಫಲೇಸಿ ತಲೆಯ ಮೇಲಿನ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಳು. ದುಃಖದಲ್ಲಿರುವವಳಿಗೆ ಅಷ್ಟು ಅನುಕೂಲ ಇದೆ. ಉತ್ತರ ಹೊಳೆಯದಿದ್ದಾಗ ಮುಸುಕು ಹಾಕಿಕೊಳ್ಳಬಹುದು.

ಹೆಣ ತೊಳೆದು ಬಟ್ಟೆ ಸುತ್ತಿ ಮುಗಿಸಿದ ಮೇಲೆ ಬಿಸ್ವಿಕ್ ತನ್ನ ಐದು ಜನರನ್ನು ಕರೆದ. ಗುಂಡಿ ತೋಡುವವರು ಅವರೇ. ಊರಲ್ಲಿ ಯಾರು ಸತ್ತರೂ ಅವತ್ತಿನ ಮಟ್ಟಿಗೆ ಅವರೇ ದೊರೆಗಳು: ಯಾರ ಕೋಳಿ ಹಿಡಿದರೂ ಕೇಳುವಂತಿಲ್ಲ, ಯಾರನ್ನು ಬೈದರೂ ತಿರುಗಿ ಬೈಯುವಂತಿಲ್ಲ. ಮೊನ್ನೆಯವರೆಗೆ ಅವರು ಏಳು ಜನ ಇದ್ದರು. ಏಳನೆಯವನು ಫಲೇಸಿಯ ಗಂಡ ಜೈಲೋಸಿ.

ಅವರು ಹಾರೆ ಗುದ್ದಲಿ ಹೆಗಲಿಗೇರಿಸಿ ಮಸಣದ ತೋಪಿನ ಕಡೆಗೆ ಹೊರಟದ್ದು ಸಂದಿಯಿಂದ ಕಂಡಿತು. ಫಲೇಸಿಗೆ ಆಗ ನಿಜವಾಗಿ ಭಯವಾಯಿತು. ಗಂಡ ಸತ್ತದ್ದು ನಿನ್ನೆ. ತನ್ನ ಗತಿ ಏನಾಗುತ್ತದೆ ಎನ್ನುವುದು ಇವತ್ತು ಆ ಆರು ಜನ ತೋಪಿನ ಒಳಗೆ ಏನು ನೋಡುತ್ತಾರೆ ಎನ್ನುವುದರ ಮೇಲಿತ್ತು.

*

ಮಿಷನ್ನಿನವರು ಬಂದದ್ದು ನಾಲ್ಕು ವರ್ಷದ ಹಿಂದೆ. ಹಾರ್ಲನ್ ಎಂಬ ಬಿಳಿಯ, ಅವನ ಮಾತನ್ನು ಊರವರ ಚಿಚೇವಾ ಭಾಷೆಗೆ ತಿರುಗಿಸಿ ಹೇಳಲು ಪೇಟೆಯ ಪಾಸ್ಟರ್ ಯೆಸಾಯ. ಮುರಿದು ಬಿದ್ದಿರುವ ಈ ದೇಶವನ್ನು ಬೈಬಲ್ಲಿನ ಪ್ರಕಾರ ಬುಡದಿಂದ ಕಟ್ಟಬೇಕು, ಮೊದಲು ಹೊಲ, ಆಮೇಲೆ ಮನೆ, ಆಮೇಲೆ ಸರ್ಕಾರ ಎಂದು ಮೂರು ದಿನ ಮಾವಿನ ಮರದ ಕೆಳಗೆ ಪಾಠ ಮಾಡಿದರು. ದೇವರು ಕಾಡನ್ನು ಉಳುವುದಿಲ್ಲ, ಎಲೆಯ ಹೊದಿಕೆ ಹೊದಿಸುತ್ತಾನೆ. ನೀವೂ ನೆಲವನ್ನು ಬೆತ್ತಲೆ ಬಿಡಬೇಡಿ ಎಂದರು.

ಜನ ಊಟ ಮಾಡಿ ತಲೆಯಾಡಿಸಿದರು. ಹೊದಿಸಲು ಏನಿದೆ? ಜೋಳದ ದಂಟನ್ನು ಆಡುಗಳು ತಿನ್ನುತ್ತವೆ. ಉಳಿದದ್ದಕ್ಕೆ ಇಲಿ ಹಿಡಿಯುವವರು ಬೆಂಕಿ ಇಡುತ್ತಾರೆ. ಆಗಸ್ಟಿನ ಒಣಗಾಲ ಬರುವ ಹೊತ್ತಿಗೆ ಊರ ನೆಲವೆಲ್ಲ ಬೋಳಿಸಿದ ತಲೆಯಂತೆ ಇರುತ್ತದೆ.

ಜೈಲೋಸಿಯ ಹೊಲಕ್ಕೆ ಮಾತ್ರ ಹೊದಿಕೆ ಬಂತು. ಮೊದಲ ವರ್ಷವೇ ಅವನ ಜೋಳ ಪಕ್ಕದವರದಕ್ಕಿಂತ ಎರಡು ಗೇಣು ಎತ್ತರ ನಿಂತಿತು. ಹಾರ್ಲನ್ ಬಂದು ಫೋಟೋ ತೆಗೆಸಿಕೊಂಡ, ಹೊಲದ ಅಂಚಿಗೆ ಬೋರ್ಡು ನೆಡಿಸಿದ. ಪಾಸ್ಟರ್ ಪ್ರತಿ ಭಾನುವಾರ ಆ ಹೊಲದ ಮೇಲೆ ಪ್ರಸಂಗ ಮಾಡಿದ. ಎರಡನೆಯ ವರ್ಷ ಮಳೆ ಕೈಕೊಟ್ಟು ಎಲ್ಲರ ಜೋಳ ಸುರುಟಿದಾಗಲೂ ಇವನದು ತೆನೆ ಕಟ್ಟಿತು. ಜನರ ಬಾಯಲ್ಲಿ ಆಗ ಇನ್ನೊಂದು ಮಾತು ಹುಟ್ಟಿತು: ದಿವಿಸಿ. ಬೇರೆಯವರ ಹೊಲದ ಸತ್ವವನ್ನು ತನ್ನ ಹೊಲಕ್ಕೆ ಎಳೆದುಕೊಳ್ಳುವ ಮಾಟ. ಅದನ್ನು ಮೊದಲು ಆಡಿದವನು ಬಿಸ್ವಿಕ್. ಆ ವರ್ಷ ಅವನ ಮನೆಯಲ್ಲಿ ಹಿಟ್ಟಿಲ್ಲದೆ ಮಾವಿನಕಾಯಿ ಬೇಯಿಸಿ ತಿಂದಿದ್ದರು.

ಫಲೇಸಿಗೆ ಬೇರೆಯದೇ ಅನುಮಾನ. ಗಂಡ ವಾರಕ್ಕೆ ಮೂರು ಸಲ ಕೋಳಿ ಕೂಗುವ ಮುಂಚೆ ಏಳುತ್ತಿದ್ದ. ಕೇಳಿದರೆ ಎಲೆ ತರೋಕೆ ಎನ್ನುತ್ತಿದ್ದ. ಎಲ್ಲಿಂದ ಎಂದರೆ ದೂರದಿಂದ ಎನ್ನುತ್ತಿದ್ದ. ಆದರೆ ಹೆಂಚು ಕಾಯುವಷ್ಟರಲ್ಲಿ ವಾಪಸು. ಯಾವಳೋ ಹತ್ತಿರದಲ್ಲೇ ಇದ್ದಾಳೆ ಎಂದು ತೀರ್ಮಾನಿಸಿ ಒಂದು ಬೆಳಿಗ್ಗೆ ಹಿಂದೆಯೇ ಹೋದಳು. ಜಿಲಿಯಾತಿಯ ಮನೆ ದಾಟಿದ, ಅವಳ ಎದೆ ಹಗುರಾಯಿತು. ಬಾವಿ ದಾಟಿದ. ಆಮೇಲೆ ಮಸಣದ ತೋಪಿನೊಳಗೆ ಹೋದ.

ಊರ ಸುತ್ತ ಮರ ಉಳಿದಿದ್ದದ್ದು ಅಲ್ಲಿ ಒಂದೇ ಕಡೆ. ಅಲ್ಲಿ ಸೌದೆ ಆರಿಸುವಂತಿಲ್ಲ, ಬಿದ್ದ ಹಣ್ಣು ಮುಟ್ಟುವಂತಿಲ್ಲ. ನೂರು ವರ್ಷದ ಎಲೆ ಬಿದ್ದಲ್ಲೇ ಕೊಳೆತು ನೆಲ ಹಾಸಿಗೆಯಂತಾಗಿತ್ತು. ಅವಳ ಗಂಡ, ಅವಳ ಅಜ್ಜಿಯ ಗೋರಿಯ ಪಕ್ಕದಲ್ಲಿ ಮಂಡಿಯೂರಿ, ಎರಡೂ ಕೈಯಿಂದ ಎಲೆ ಬಾಚಿ ಚೀಲಕ್ಕೆ ತುಂಬುತ್ತಿದ್ದ.

ಹೆಣ್ಣೊಬ್ಬಳು ಸಿಕ್ಕಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ.

"ನಿಮಗೆ ಬುದ್ಧಿ ನೆಟ್ಟಗಿದೆಯಾ? ಇದು ಅವರದ್ದು."

"ಅವರಿಗೆ ಚಳಿ ಆಗಲ್ಲ ಕಣೇ."

"ಬಿಳಿಯ ಹೇಳಿದ ಅಂತ ನಮ್ಮಜ್ಜಿಯ ಹೊದಿಕೆ ಎಳೀತೀರಾ?"

ಅವನು ಚೀಲ ಕೆಳಗಿಟ್ಟ. "ಇಪ್ಪತ್ತೆರಡು ವರ್ಷ ಆಯ್ತು ನಾನು ಮನೆ ಅಳಿಯ ಆಗಿ ನಿಮ್ಮೂರಿಗೆ ಬಂದು," ಎಂದ. "ಗುಂಡಿ ತೋಡು ಅಳಿಯ, ನೀರು ಹೊರು ಅಳಿಯ, ಕುರ್ಚಿ ಬಿಟ್ಟು ಏಳು ಅಳಿಯ. ಒಬ್ಬರಾದರೂ ಹೆಸರು ಹಿಡಿದು ಕರೆದಿದ್ದಾರಾ? ಆ ಬಿಳಿಯ ಮುನ್ನೂರು ಜನರ ಮುಂದೆ ಜೈಲೋಸಿ ಕಾಮ್ವೆಂಡೋ ಅಂದ. ತಿರುಗಿ ನೋಡಿದೆ ನಾನು, ಯಾರನ್ನ ಕರೀತಿದ್ದಾನೆ ಅಂತ."

ಅವಳು ಚೀಲದ ಇನ್ನೊಂದು ತುದಿ ಹಿಡಿದಳು. ಆವತ್ತಿನಿಂದ ತಪ್ಪು ಇಬ್ಬರದಾಯಿತು.

*

ನಡುಹಗಲಿಗೆ ಗುಂಡಿ ತೋಡುವವರು ಊಟಕ್ಕೆ ಬಂದರು. ಮುದ್ದೆ ಮೆತ್ತಗಾಗಿದೆ, ಒಣಮೀನು ಕಣ್ಣಿಗೆ ಕಾಣೋದಿಲ್ಲ, ಹೆಣ ಹೊರಬೇಕಾದವರಿಗೆ ಹೀಗಾ ಬಡಿಸೋದು ಎಂದು ಪದ್ಧತಿಯಂತೆ ಬೈದರು. ಜಿಲಿಯಾತಿಯ ಹುಂಜವನ್ನು ಹಿಡಿದು ಕತ್ತು ತಿರುಚಿದರು. ಫಲೇಸಿ ಆ ಬೈಗುಳಗಳನ್ನೇ ಕಿವಿಗೊಟ್ಟು ಕೇಳಿದಳು. ಮಾಮೂಲಿ ಬೈಗುಳ, ಹೆಚ್ಚಿಲ್ಲ ಕಡಿಮೆಯಿಲ್ಲ. ಬಿಸ್ವಿಕ್ ಮಾತ್ರ ಬೈಯುತ್ತಿರಲಿಲ್ಲ. ಕೈ ತೊಳೆಯಲು ನೀರು ಕೇಳುವ ನೆಪದಲ್ಲಿ ಬಾಗಿಲಿಗೆ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನಿಮ್ಮಜ್ಜಿ ಪಕ್ಕದಲ್ಲೇ ಗುಂಡಿ ಇಟ್ಟಿದ್ದೀವಿ."

"ಒಳ್ಳೇದಾಯ್ತು ಅಣ್ಣಾ."

"ಅಲ್ಲಿ ನೆಲ ಗುಡಿಸಿದ ಹಾಗಿದೆ. ಈ ಕಡೆ ಇಪ್ಪತ್ತು ಹೆಜ್ಜೆ, ಆ ಕಡೆ ಮೂವತ್ತು. ಹಳೇ ಯಜಮಾನನ ಗೋರಿ ಮೇಲಿಂದಾನೂ ಬಾಚಿದೆ. ಒಂದು ಚೀಲ ಅರ್ಧ ತುಂಬಿ ಬಿದ್ದಿತ್ತು, ಹಾವು ಕಚ್ಚಿದ ಕೈಯಿಂದ ಜಾರಿದ ಹಾಗೆ." ನೀರನ್ನು ಕೈಮೇಲೆ ನಿಧಾನವಾಗಿ ಸುರಿದುಕೊಂಡ. "ಚೀಲದ ಮೇಲೆ ಮಿಷನ್ನಿನ ಅಚ್ಚು ಇದೆ."

ಅವಳು ಮುಸುಕು ಎಳೆದುಕೊಳ್ಳಲಿಲ್ಲ. ಎಳೆದುಕೊಂಡು ಪ್ರಯೋಜನವಿರಲಿಲ್ಲ. "ಇದು ಯಾರ್ಯಾರಿಗೆ ಗೊತ್ತು?"

"ಹುಡುಗರು ನೋಡಿದ್ದಾರೆ. ನಾನು ಬಾಯಿ ಬಿಡೋವರೆಗೆ ಅವರು ಬಿಡಲ್ಲ."

"ನೀವು ಬಿಡ್ತೀರಾ?"

ಬಿಸ್ವಿಕ್ ಕೈ ಒದರಿ ಎದ್ದ. ಗೋರಿಯ ಎಲೆ ಹೊಲಕ್ಕೊಯ್ದವನು ದಿವಿಸಿಯವನೇ ಎನ್ನುತ್ತದೆ ಊರು. ಅಂಥವನನ್ನು ತೋಪಿನಲ್ಲಿ ಹೂಳುವುದಿಲ್ಲ, ಹೊಳೆಯಾಚೆ ಬಯಲಲ್ಲಿ ಹಾಕುತ್ತಾರೆ. ಅವನ ಹೆಂಡತಿಯ ಮನೆ ಆಮೇಲೆ ಒಂದು ತಿಂಗಳು ನಿಂತರೆ ಹೆಚ್ಚು. ಇದು ಇಬ್ಬರಿಗೂ ಗೊತ್ತಿದ್ದರಿಂದ ಯಾರೂ ಹೇಳಬೇಕಾಗಿರಲಿಲ್ಲ.

*

ಮೂರು ಗಂಟೆಗೆ ಹಾರ್ಲನ್ ತನ್ನ ದೊಡ್ಡ ಗಾಡಿಯಲ್ಲಿ ಪಾಸ್ಟರನ ಜೊತೆ ಬಂದ. ಕಣ್ಣು ಕೆಂಪಾಗಿತ್ತು, ಅತ್ತಿದ್ದ ಎಂದು ಕಾಣುತ್ತದೆ. ಮನುಷ್ಯ ಕೆಟ್ಟವನಲ್ಲ. ಹೆಣದ ಹಿಂದೆ ಎಲ್ಲರಂತೆ ಧೂಳಿನಲ್ಲಿ ನಡೆದ, ಗುಂಡಿಯ ತಲೆದೆಸೆಯಲ್ಲಿ ನಿಂತು ಮಾತಾಡಿದ, ಪಾಸ್ಟರ್ ಒಂದೊಂದೇ ವಾಕ್ಯವನ್ನು ಜನರಿಗೆ ತಿರುಗಿಸಿದ. ಈ ದೇಶವನ್ನು ಕಟ್ಟುವವರು ರಾಜಧಾನಿಯಲ್ಲಿಲ್ಲ, ಇಂಥ ಹೊಲಗಳಲ್ಲಿದ್ದಾರೆ. ಜೈಲೋಸಿ ದೇವರ ಮಾತನ್ನು ನಂಬಿದ, ಅವನ ನೆಲ ಅದಕ್ಕೆ ಸಾಕ್ಷಿ. ಮುಂದಿನ ತಿಂಗಳು ಹದಿನಾರು ಹಳ್ಳಿಯವರನ್ನು ಆ ಹೊಲ ನೋಡಲು ಕರೆತರುತ್ತೇನೆ.

ಜನ ಸುಮ್ಮನೆ ಕೇಳಿದರು. ಅವರ ಕಣ್ಣು ಮಾತಾಡುವವನ ಮೇಲಿರಲಿಲ್ಲ, ಗುಂಡಿಯ ಸುತ್ತಲಿನ ಬೋಳು ನೆಲದ ಮೇಲಿತ್ತು. ಆರು ಜನ ತುಳಿದು ಮಣ್ಣು ಹರಡಿದ್ದರಿಂದ ಹಾಗಾಗಿದೆಯೋ, ಬೇರೆ ಕಾರಣವೋ ಎಂದು ಜಿಲಿಯಾತಿ ಕಾಲಿನ ಹೆಬ್ಬೆರಳಿನಿಂದ ಕೆದಕಿ ನೋಡುತ್ತಿದ್ದಳು.

ಆಗ ಹಾರ್ಲನ್ ಸುತ್ತಲಿನ ಮರಗಳನ್ನು ನೋಡಿದ. ಬಗ್ಗಿ ಪಕ್ಕದ ಗೋರಿಯ ಆಚೆಯಿಂದ ಒಂದು ಹಿಡಿ ಎಲೆಗೊಬ್ಬರ ಎತ್ತಿದ, ಹಿಸುಕಿದ, ಮೂಸಿದ. ಮುಖದಲ್ಲಿ ಬೆಳಕು ಬಂತು. ಪಾಸ್ಟರನಿಗೆ ಏನೋ ಹೇಳಿದ. ಪಾಸ್ಟರ್ ತಿರುಗಿಸಲಿಲ್ಲ, ಕೆಮ್ಮಿದ. ಮಾತು ತೋಪಿನ ಎಲೆಯದೇ ಎಂದು ಜನಕ್ಕೆ ಅರ್ಥವಾಯಿತು. ಹಿಂದಿನಿಂದ ಒಂದು ಗುಜುಗುಜು ಎದ್ದಿತು. ಊರಯಜಮಾನ ಕೋಲು ಕುಟ್ಟಿದ.

"ದೊರೆ ಕೇಳ್ತಿದ್ದಾರೆ," ಎಂದ ಪಾಸ್ಟರ್ ಕೊನೆಗೆ, ತಲೆ ತಗ್ಗಿಸಿ, "ಜೈಲೋಸಿ ತನ್ನ ಹೊಲಕ್ಕೆ ಎಲೆ ಎಲ್ಲಿಂದ ತರ್ತಿದ್ದ ಅಂತ. ಯಾರಿಗಾದರೂ ಗೊತ್ತಾ?"

ಫಲೇಸಿಯ ಎರಡೂ ಪಕ್ಕದಲ್ಲಿ ಅವಳನ್ನು ಹಿಡಿದಿದ್ದ ಹೆಂಗಸರು ಅವಳ ಮುಖ ನೋಡಿದರು. ಅವಳು ಗುಂಡಿ ನೋಡಿದಳು. ಹೆಣ ಇಳಿಸಿಕೊಳ್ಳಲು ಬಿಸ್ವಿಕ್ ಎದೆಯವರೆಗೆ ಒಳಗೆ ನಿಂತಿದ್ದ. ಅವನು ಬಿಳಿಯನ ಮುಷ್ಟಿಯಲ್ಲಿದ್ದ ಎಲೆಗೊಬ್ಬರವನ್ನು ನೋಡುತ್ತಿದ್ದ, ತನ್ನ ಜೇಬಿನಿಂದ ಜಾರಿದ್ದು ಬೇರೆಯವನ ಕೈಲಿ ಸಿಕ್ಕಿತೆಂಬಂತೆ.

"ಎಂಪಾಲೆ ಗುಡ್ಡದಿಂದ," ಎಂದ ಬಿಸ್ವಿಕ್. "ಭಾವ ಅಲ್ಲಿಂದ ಹೊರ್ತಿದ್ದ. ನಾನೇ ಎಷ್ಟೋ ಸಲ ಜೊತೆಗೆ ಹೋಗಿದ್ದೀನಿ."

ಹಾರ್ಲನ್ ಜೇಬಿನಿಂದ ಪುಸ್ತಕ ತೆಗೆದು ಗುಡ್ಡದ ಹೆಸರು ಬರೆದುಕೊಂಡ. ಬಿಸ್ವಿಕ್ ಗುಂಡಿಯೊಳಗಿಂದ ಕೈ ಚಾಚಿದ.

"ಪಾಸ್ಟರೇ, ಅದು ಕೆಳಗೆ ಹಾಕಲಿ ಅಂತ ಹೇಳಿ ನಿಮ್ಮ ದೊರೆಗೆ. ಎಲ್ಲಿಂದ ಎತ್ತಿದ್ರೋ ಅಲ್ಲೇ."

*

ಮಣ್ಣು ಮುಚ್ಚಿ ಜನ ಕೈಕಾಲು ತೊಳೆದು ಚದುರಿದ ಮೇಲೆ ಬಿಸ್ವಿಕ್ ಮನೆಯ ಹಿಂದಿನಿಂದ ಬಂದ. ಹಾರ್ಲನ್ ಊರಯಜಮಾನನ ಮನೆಯಲ್ಲಿ ಚಹಾ ಕುಡಿಯುತ್ತಿದ್ದ.

"ಯಾಕಣ್ಣಾ ಸುಳ್ಳು ಹೇಳಿದ್ರಿ?" ಎಂದಳು ಫಲೇಸಿ.

"ನಿಜ ಹೇಳಿದ್ರೆ ಊರವರು ನಿನ್ನ ಮನೆ ಸುಡ್ತಿದ್ರು. ಅದಾದ್ರೂ ಆಗ್ಲಿ ಅಂತಿದ್ದೆ, ಬೆಳಿಗ್ಗೆ." ಅವನು ಮುಚ್ಚುಮರೆ ಮಾಡಲಿಲ್ಲ. "ಆ ಬಿಳಿಯನ ಮುಖ ನೋಡ್ದೆ. ನಿಜ ಹೇಳಿದ್ರೆ ಅವನಿಗೆ ಕೋಪ ಬರ್ತಿರ್ಲಿಲ್ಲ ತಂಗಿ. ಖುಷಿ ಆಗ್ತಿತ್ತು. ಮಳೆಗಾಲದ ಮುಂಚೆ ಹದಿನಾರು ಹಳ್ಳಿಯವರು ಕುಂಟೆ ಹಿಡ್ಕೊಂಡು ತೋಪಿನೊಳಗೆ ಇರ್ತಿದ್ರು."

ಅವಳು ಕಾದಳು. ಅವನು ಸುಮ್ಮನೆ ಬಂದವನಲ್ಲ.

"ನಿನ್ನ ಹೊಲದಲ್ಲಿರೋದು ವಾಪಸು ಹೋಗ್ಬೇಕು. ಇವತ್ತೇ. ನಾಳೆ ಹಾರೆ ತೊಳೆದಿಟ್ಟ ಮೇಲೆ ನಾವೂ ತೋಪಿಗೆ ಕಾಲಿಡೋ ಹಾಗಿಲ್ಲ."

"ಮುಂದಿನ ತಿಂಗಳು ಜನ ಬರ್ತಾರಂತಲ್ಲ. ಬೋಳು ನೆಲ ತೋರಿಸ್ಲಾ? ಅವರ ಹೆಸರು ಏನಾಗುತ್ತೆ?"

"ಗಾಳಿಗೆ ಹಾರಿಹೋಯ್ತು ಅನ್ನು." ಬಿಸ್ವಿಕ್ ನೆಲ ನೋಡಿದ. "ಹೆಸರು ಅವನಿಗೆ ಸಿಕ್ತು. ಇವತ್ತು ತೋಪಿನಲ್ಲಿ ಮಲಗಿದ್ದಾನಲ್ಲ, ನಮ್ಮವರ ನಡುವೆ. ಇನ್ನೂ ಏನು ಬೇಕು?"

ನಿಜವಾಗಿ ಕರುಣೆಯೋ, ಮುಂದಿನ ವರ್ಷ ತನ್ನ ಜೋಳಕ್ಕಿಂತ ಇವಳದು ಎತ್ತರ ನಿಲ್ಲಬಾರದೆಂಬ ಲೆಕ್ಕವೋ, ಫಲೇಸಿಗೆ ಬಗೆಹರಿಯಲಿಲ್ಲ. ಎರಡೂ ಇರಬಹುದು. ಒಳಗೆ ಹೋಗಿ ತಾನೂ ಗಂಡನೂ ಮಲಗುತ್ತಿದ್ದ ದೊಡ್ಡ ಚಾಪೆಯನ್ನು ಸುರುಳಿ ಸುತ್ತಿ ತಂದು ಕೊಟ್ಟಳು. ಮತ್ತೆ ಹೋಗಿ ಉಳಿದ ಎರಡನ್ನೂ ತಂದಳು.

ಹೊತ್ತು ಇಳಿಯುವ ಮುಂಚೆ ಗುಂಡಿ ತೋಡಿದ ಆರು ಜನ ಹೊಲವನ್ನು ಗುಡಿಸಿದ್ದರು. ಎಲೆಯನ್ನು ಹೆಣ ಸುತ್ತುವ ಹಾಗೆ ಚಾಪೆಗಳಲ್ಲಿ ಉದ್ದಕ್ಕೆ ಸುತ್ತಿ, ಬಳ್ಳಿಯಿಂದ ಮೂರು ಕಡೆ ಬಿಗಿದು, ಒಂದೊಂದನ್ನು ಇಬ್ಬರಿಬ್ಬರು ಹೆಗಲ ಮೇಲಿಟ್ಟುಕೊಂಡು ಸಾಲಾಗಿ ಹೊರಟರು. ದಾರಿಯಲ್ಲಿ ನೀರು ಹೊತ್ತು ಬರುತ್ತಿದ್ದ ಹೆಂಗಸರು ಕೊಡ ಇಳಿಸಿ, ಹೆಣ ಹೋಗುವಾಗ ಮಾಡುವಂತೆ, ಧೂಳಿನಲ್ಲಿ ಕಾಲು ಮಡಿಸಿ ಕೂತರು. ಇನ್ಯಾರು ಸತ್ತರು ಎಂದು ಯಾರೂ ಕೇಳಲಿಲ್ಲ. ಹಾಗೆ ಹೋಗುವಾಗ ಕೇಳಬಾರದು.

ಎದುರಿನಿಂದ ಹಾರ್ಲನ್‌ನ ಗಾಡಿ ಬಂತು. ನಾಲ್ಕು ವರ್ಷದಲ್ಲಿ ಅವನೂ ಇಲ್ಲಿಯ ರೀತಿ ಕಲಿತಿದ್ದ. ಇಂಜಿನ್ ಆರಿಸಿ ಕೆಳಗಿಳಿದ, ಟೋಪಿ ತೆಗೆದು ಎದೆಗೊತ್ತಿಕೊಂಡ, ಕಣ್ಣು ಮುಚ್ಚಿದ. ಆರು ಜನ ಅವನ ಮುಂದಿನಿಂದಲೇ, ಒಂದೇ ಹೆಜ್ಜೆಯಲ್ಲಿ, ಮೂರು ಚಾಪೆ ಹೊತ್ತು ದಾಟಿ ಹೋದರು. ಅವನ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು.