ಮುಚ್ಚಳ ತೆಗೀಬೇಡಿ ಮಾವ

ಮಾವನ ಬಾಯಲ್ಲಿ ಅಳಿದುಳಿದಿದ್ದ ಹಲ್ಲುಗಳನ್ನೆಲ್ಲ ಡಾಕ್ಟರು ಕಿತ್ತ ಮೇಲೆ ಆ ಮನೆಯ ಊಟದ ಮೇಜು ಬಿಕೋ ಎನ್ನತೊಡಗಿತು.

"ಒಸಡು ಗಟ್ಟಿಯಾಗಲಿ, ಆಮೇಲೆ ಅಳತೆ ತಗೊಂಡು ಹೊಸ ಸೆಟ್ಟು ಮಾಡಿಸೋಣ. ಅಲ್ಲೀವರೆಗೂ ಮೆತ್ತಗಿರೋದನ್ನೇ ತಿನ್ನಿ," ಎಂದಿದ್ದರು ಡಾಕ್ಟರು. ಮಾವ ತಲೆಯಾಡಿಸಿದರು. ಆಸ್ಪತ್ರೆಯಲ್ಲಿ ಬಾಯಿಗೆ ಅಡ್ಡ ಹಿಡಿದ ಕರವಸ್ತ್ರವನ್ನು ಮನೆಗೆ ಬಂದ ಮೇಲೂ ಇಳಿಸಲಿಲ್ಲ. ಊಟದ ಹೊತ್ತಿಗೆ ಸೂಪಿನ ಬಟ್ಟಲು ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಖಾಲಿ ಬಟ್ಟಲು ಯಾವಾಗ ಅಡುಗೆಮನೆಗೆ ಬಂತು ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ಇದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವಳು ಸೊಸೆ. ಅವಳು ಸಿಟಿ ಬಸ್ಸಿನ ಡ್ರೈವರು. ಬೆಳಗಿನಿಂದ ಸಂಜೆಯವರೆಗೆ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಊಟದ ಹೊತ್ತಿನಲ್ಲಿ ಮಾವನ ಮುಂದೆ ಸುರಿಯದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡ ಕೂಡಲೇ ಮಾವ, "ಹೂಂ, ಇವತ್ತು ಯಾರ್ಯಾರು ಜಗಳ ಆಡಿದ್ರು?" ಎಂದು ಶುರು ಮಾಡುವರು. ಅವಳು ಕಿಟಕಿ ಸೀಟಿಗಾಗಿ ಕಿತ್ತಾಡಿದ ಇಬ್ಬರು ಅಜ್ಜಿಯರ ಕಥೆ ಹೇಳಿದರೆ, ಇವರು ಜೀವಮಾನವಿಡೀ ನಡೆಸಿದ ಮಾಂಸದಂಗಡಿಯಿಂದ ಅದಕ್ಕೆ ಜೋಡಿಯಾಗುವಂಥ ಇನ್ನೊಂದನ್ನು ಹೆಕ್ಕಿ ತೆಗೆಯುವರು. ಗಂಡನೋ, ಕನ್ನಡಕದಂಗಡಿಯಲ್ಲಿ ಮಸೂರ ಉಜ್ಜಿ ಉಜ್ಜಿ ಮಾತನ್ನೂ ಉಜ್ಜಿ ಹಾಕಿದವನು. "ಹೌದಾ?" "ಬಿಡು." ಅವನ ಮಾತಿನ ಗಂಟು ಅಷ್ಟೇ. ಈಗ ಮೇಜಿನ ಎರಡು ತುದಿಯಲ್ಲಿ ಗಂಡಹೆಂಡತಿ ಕೂತು ಚಮಚದ ಸದ್ದು ಕೇಳುತ್ತ ಉಣ್ಣುವುದಾಗಿತ್ತು.

"ನಿಮ್ಮಪ್ಪಂಗೆ ನಮ್ಮ ಮುಂದೆ ಎಂಥ ನಾಚಿಕೆ?" ಎಂದು ಒಂದು ದಿನ ಕೇಳಿದಳು.

"ಬಿಡು, ಹಲ್ಲು ಬಂದ್ಮೇಲೆ ಸರಿಹೋಗ್ತಾರೆ," ಎಂದ ಗಂಡ.

ಬಿಡುವ ಜಾಯಮಾನ ಅವಳದಲ್ಲ.

ಹೀಗಿರುವಾಗ ಬಸ್ ಡಿಪೋದ ಮುದಿ ಮೆಕ್ಯಾನಿಕ್ಕು ಒಂದು ಮಧ್ಯಾಹ್ನ ತನ್ನ ಡಬ್ಬಿಯಿಂದ ಒಂದು ಹೋಳು ತೆಗೆದು ಅವಳ ತಟ್ಟೆಗೆ ಹಾಕಿದ. ನೋಡಲು ಕಂದು ಬಣ್ಣದ ಬ್ರೆಡ್ಡಿನ ಹೋಳಿನ ಹಾಗಿತ್ತು. ಅಂಚಿನಲ್ಲಿ ಕೆಂಪಗೆ ಸಾಸಿನ ಲೇಪ. ಬಾಯಿಗಿಟ್ಟರೆ ಮಾಂಸ, ಮಾಂಸದೊಳಗೆ ಹೊಗೆಯ ಘಮ. ಅವಳು ಅಗಿಯಲು ಹೊರಡುವಷ್ಟರಲ್ಲಿ ಅದು ನಾಲಿಗೆಯ ಮೇಲೇ ಬಿಚ್ಚಿಕೊಂಡಿತು.

"ಇದೇನಣ್ಣ, ಹಲ್ಲಿಗೆ ಕೆಲಸವೇ ಇಲ್ಲ!"

"ಮೀಟ್‌ಲೋಫು ಕಣಮ್ಮ. ಕೊಚ್ಚಿದ ಮಾಂಸಕ್ಕೆ ಈರುಳ್ಳಿ, ಮೊಟ್ಟೆ, ಹಾಲಲ್ಲಿ ನೆನೆಸಿದ ಬ್ರೆಡ್ಡು ಕಲಸಿ, ದಿಂಡಿನ ಥರ ಕಟ್ಟಿ, ಕೆಂಡದ ಗ್ರಿಲ್ಲಲ್ಲಿ ಹೊಗೆ ಹಾಕಿ ಬೇಯಿಸೋದು. ಮಹಾ ವಿದ್ಯೆ ಏನಲ್ಲ."

ಅವಳ ತಲೆಯೊಳಗೆ ದೀಪ ಹೊತ್ತಿದ್ದು ಆಗಲೇ. ಮೆಕ್ಯಾನಿಕ್ಕು ಇನ್ನೂ ಏನೇನೋ ಹೇಳುತ್ತಿದ್ದ. ಅವಳ ಬಸ್ಸಿನ ಹೊತ್ತಾಗಿತ್ತು, ಅರ್ಧ ಕೇಳಿ ಅರ್ಧ ಬಿಟ್ಟು ಓಡಿದಳು.

ಭಾನುವಾರ ಮಾವ ಪಾರ್ಕಿನ ಕಡೆ ವಾಕಿಂಗ್ ಹೊರಟದ್ದೇ ತಡ, ಅವಳು ಹಿತ್ತಲಿನ ಗ್ರಿಲ್ಲಿಗೆ ಕೈ ಹಾಕಿದಳು. ಉದ್ದಕ್ಕೆ ಸೀಳಿದ ಡ್ರಮ್ಮಿಗೆ ಕಾಲು, ಜಾಲರಿ, ಮುಚ್ಚಳ ಕೂಡಿಸಿ ಯಾರೋ ಮಾಡಿದ್ದು. ಹಿಂದಿದ್ದ ಬಾಡಿಗೆಯವರು ಹೊರಲಾರದೆ ಬಿಟ್ಟುಹೋಗಿದ್ದರು. ತುಕ್ಕು ಕೆರೆದು, ಇದ್ದಿಲು ತುಂಬಿ ಉರಿ ಮಾಡಿದಳು. ಸೂಪರ್‌ಮಾರ್ಕೆಟ್ಟಿನಿಂದ ತಂದ ಖೀಮಾವನ್ನು ಕಲಸಿ, ಬಿಚ್ಚಿಕೊಳ್ಳಬಾರದೆಂದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅದುಮಿ ಅದುಮಿ ದಿಂಡು ಕಟ್ಟಿ, ಕೆಂಡದ ನೆತ್ತಿಯ ಮೇಲೆಯೇ ಇಟ್ಟಳು. ಸ್ವಲ್ಪ ಹೊತ್ತಿಗೆ ಭಗ್ಗೆಂದು ಜ್ವಾಲೆ ಎದ್ದಿತು. ಇಕ್ಕಳದಿಂದ ತಿರುವಿ ಹಾಕಲು ಹೋದರೆ ದಿಂಡು ನಡು ಮುರಿದುಕೊಂಡು ಎರಡಾಯಿತು. ಹೊರಗೆ ಇದ್ದಿಲಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ, ಒಳಗೆ ಹಸಿಹಸಿ.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮಾವ! ಕರವಸ್ತ್ರ ಬಾಯಿಗಿತ್ತು, ಹೊಗೆಗೋ ನಾಚಿಕೆಗೋ ಹೇಳಲಾಗದು.

"ಏನಿದು?" ಎಂದರು ಬಟ್ಟೆಯೊಳಗಿಂದ.

ಅವಳಿಗೆ ಅಳು ನಗು ಒಟ್ಟಿಗೇ ಬಂದವು. "ನಿಮಗೇಂತ ಮಾಡ್ದೆ ಮಾವ. ಅಗಿಯೋ ಹಾಗೇ ಇಲ್ಲ, ನಾಲಿಗೇಲೇ ಕರಗುತ್ತೆ ಅಂತ..."

ಮಾವ ಬಗ್ಗಿ, ಆ ಕರಿ ತುಂಡನ್ನು ಇಕ್ಕಳದ ತುದಿಯಿಂದ ಕುಟ್ಟಿದರು. ಟಕ್ ಟಕ್ ಎಂದಿತು.

"ಮಾಂಸ ಎಲ್ಲಿಂದ ತಂದೆ?"

"ಸೂಪರ್‌ಮಾರ್ಕೆಟ್ಟು. ಒಂಚೂರೂ ಕೊಬ್ಬಿಲ್ಲದ್ದು, ಒಳ್ಳೇದು."

"ಕೊಬ್ಬಿಲ್ಲದ್ದು," ಎಂದು ಮಾವ ಅವಳ ಮಾತನ್ನೇ ಮೆಲ್ಲಗೆ ಆಡಿದರು. ಭುಜ ಅಲುಗತೊಡಗಿತು. ಕೈ ಬಾಯಿಂದ ಜಾರಿತು. ಬೋಳು ಒಸಡೆಲ್ಲ ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಯ್ಯೋ ತಾಯಿ! ಮಾಂಸದಂಗಡಿಯವನ ಸೊಸೆ ಆಗಿ ಕೊಬ್ಬಿಲ್ಲದ್ದು ತಂದ್ಯಲ್ಲ! ಕೊಬ್ಬಿಲ್ದೆ ಅದು ಮೆತ್ತಗಾಗೋದು ಹ್ಯಾಗೆ? ಇಟ್ಟಿಗೆ ಮಾಡಿದೀಯ, ಇಟ್ಟಿಗೆ!"

ನಕ್ಕದ್ದು ನೆನಪಾಗಿ ಗಬಕ್ಕನೆ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಆದರೆ ಆ ರಾತ್ರಿ ಸೂಪಿನ ಬಟ್ಟಲು ಎತ್ತಿಕೊಳ್ಳುವಾಗ ಬಾಗಿಲ ಬಳಿ ನಿಂತು, "ಬರೋ ಭಾನುವಾರ ಅಂಗಡಿಗೆ ನಾನೂ ಬರ್ತೀನಿ. ನಿನ್ನೊಬ್ಬಳನ್ನೇ ಕಳಿಸಿದ್ರೆ ಮತ್ತೆ ಇಟ್ಟಿಗೆ ಹೊತ್ಕೊಂಡು ಬರ್ತೀಯ," ಎಂದರು.

ಅಂಗಡಿ ಎಂದರೆ ಅವರದೇ ಹಳೆಯ ಅಂಗಡಿ. ಈಗ ಅದನ್ನು ನಡೆಸುತ್ತಿದ್ದವನು ಅವರ ಕೈಕೆಳಗೆ ಪಳಗಿದ ಕಡ್ಡಿಯಂಥ ಮನುಷ್ಯ. ಕಡ್ಡಿಯಂತಿದ್ದುದರಿಂದಲೇ ಮಾವ ಅವನಿಗೆ ಗುಂಡ ಎಂದು ಹೆಸರಿಟ್ಟಿದ್ದರು. ಹಲ್ಲು ಹೋದ ಮೇಲೆ ಮಾವ ಆ ಬೀದಿಗೇ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಅವರನ್ನು ಕಂಡ ಗುಂಡ ಕತ್ತಿ ಕೆಳಗಿಟ್ಟು, "ಯಜಮಾನ್ರೇ!" ಎಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದ. ಮಾವ ಕರವಸ್ತ್ರದ ಮರೆಯಿಂದ ಏನೋ ಗೊಣಗಿ ಸೊಸೆಯನ್ನು ಮುಂದೆ ತಳ್ಳಿದರು.

"ಖೀಮಾ ಬೇಕಂತೆ," ಎಂದಳು ಅವಳು.

ಗುಂಡನ ಬಾಯಿ ತೆರೆದಂತೆಯೇ ಉಳಿಯಿತು. ಕೊಚ್ಚಿದ ಮಾಂಸದಲ್ಲಿ ಯಾವುದನ್ನು ಬೇಕಾದರೂ ಬಚ್ಚಿಡಬಹುದು, ಮಾನ ಇರುವವನು ತುಂಡು ಮಾರುತ್ತಾನೆ ಎಂದು ಈ ಮನುಷ್ಯ ಅವನಿಗೆ ಎಷ್ಟು ಸಲ ಪಾಠ ಹೇಳಿರಲಿಲ್ಲ! ಆದರೂ ಕುರಿಯ ತೊಡೆಯನ್ನು ತೆಗೆದು ಮೆಷಿನ್ನಿನ ಬಾಯಿಗೆ ಹಾಕಲು ಹೊರಟ.

ಮಾವ ಇಷ್ಟು ಹೊತ್ತು ತಡೆದುಕೊಂಡದ್ದೇ ಹೆಚ್ಚು. "ಏಯ್, ಏಯ್! ತೊಡೆ ಯಾಕೋ? ಭುಜ ತೆಗಿ. ಕೊಬ್ಬು ಹಾಗೇ ಬಿಡು, ಕೆರೀಬೇಡ. ಆ ಮೆಷಿನ್ನು ಆರಿಸು ಮೊದಲು. ಅದು ಅರೆದು ಅಂಟು ಮಾಡುತ್ತೆ." ಹಲ್ಲಿಲ್ಲದ ಬಾಯಲ್ಲಿ ಮಾತು ಅರ್ಧ ಗಾಳಿಯಾಗಿ ಬಂತು. 'ಮೆಷಿನ್ನು' ಎನ್ನುವುದು 'ಮೆಹಿನ್ನು' ಆಯಿತು. ಗುಂಡನಿಗೆ ಅರ್ಥವಾಗಲಿಲ್ಲ. "ಏನಂದ್ರಿ?" ಎಂದ ಪಾಪ, ನಿಜವಾಗಿ ತಿಳಿಯದೆ.

ಮಾವ ಇನ್ನು ತಿರುಗಿ ಮನೆ ಕಡೆ ನಡೆಯುತ್ತಾರೆ, ಇನ್ನೆಂದೂ ಹೊರಗೆ ಬರುವುದಿಲ್ಲ ಎಂದುಕೊಂಡಳು ಸೊಸೆ. ಮಾವನ ಕಿವಿ ಕೆಂಪಾಗಿತ್ತು. ಆದರೆ ಕರವಸ್ತ್ರವನ್ನು ಮಡಿಸಿ ಜೇಬಿಗೆ ತುರುಕಿದರು. ಕಟ್ಟೆಯ ಹಿಂದಕ್ಕೆ ಹೋಗಿ, ಮೊಳೆಯಲ್ಲಿ ನೇತಾಡುತ್ತಿದ್ದ ಏಪ್ರನ್ ತೊಟ್ಟು, ಮಾಂಸ ಕೊಚ್ಚುವ ಕೊರಡಿನ ಮುಂದೆ ನಿಂತರು.

"ಸರಿಯೋ ಆ ಕಡೆ," ಎಂದರು. ಅದು ಎಲ್ಲರಿಗೂ ಅರ್ಥವಾಯಿತು.

ಎರಡು ಕತ್ತಿ ಎರಡು ಕೈಯಲ್ಲಿ ಆಡತೊಡಗಿದವು. ಭುಜದ ಮಾಂಸವೂ ಕೊಬ್ಬೂ ಒಂದರೊಳಗೊಂದು ಬೆರೆತು, ಸಣ್ಣಗೆ, ಆದರೆ ಹಿಟ್ಟಾಗದಂತೆ, ಕೊರಡಿನ ಮೇಲೆ ಹರಡಿಕೊಂಡಿತು. ಸಾಲಿನಲ್ಲಿ ನಿಂತಿದ್ದ ದಪ್ಪ ಹೆಂಗಸೊಬ್ಬಳು, "ಅಯ್ಯೋ, ನೀವಾ! ಎಲ್ಲಿ ಹೋಗಿದ್ರಿ ಇಷ್ಟು ದಿನ? ಹಲ್ಲೇನಾಯ್ತು?" ಎಂದು ಅಂಗಡಿ ತುಂಬ ಕೇಳುವ ಹಾಗೆ ಕೂಗಿದಳು.

"ನಿನ್ನಂಥ ಗಿರಾಕಿಗಳ ಮೇಲೆ ಹಲ್ಲು ಕಡಿದು ಕಡಿದು ಸವೆದು ಹೋದ್ವು!" ಎಂದರು ಮಾವ, ಕತ್ತಿ ನಿಲ್ಲಿಸದೆ.

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಮಾವನನ್ನು ಹೊರಡಿಸಲು ಸೊಸೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳಿಗೆ ಮಾಂಸ ಕಟ್ಟಿಕೊಟ್ಟ ಮೇಲೂ ಇನ್ನೊಬ್ಬರಿಗೆ ಪಕ್ಕೆಲುಬು, ಮತ್ತೊಬ್ಬರಿಗೆ ಬುದ್ಧಿವಾದ ಎಂದು ನಿಂತೇ ಇದ್ದರು.

ಮನೆಯಲ್ಲಿ ಈ ಸಲ ಕಲಸುವ ಕೆಲಸ ಅವಳದು, ಪಕ್ಕದಲ್ಲಿ ನಿಂತು ತಲೆ ತಿನ್ನುವ ಕೆಲಸ ಮಾವನದು. "ಮೆಲ್ಲಗೆ, ಮೆಲ್ಲಗೆ! ಬೆರೆತರೆ ಸಾಕು. ಬಸ್ಸಿನ ಸ್ಟೇರಿಂಗಲ್ಲ ಅದು." ಅವಳು ಮೆಕ್ಯಾನಿಕ್ಕನನ್ನು ಮತ್ತೆ ಹಿಡಿದು, ಆವತ್ತು ಕೇಳದೆ ಬಿಟ್ಟದ್ದನ್ನೆಲ್ಲ ಕೇಳಿಕೊಂಡು ಬಂದಿದ್ದಳು. ಆದ್ದರಿಂದ ಕೆಂಡವನ್ನು ಡ್ರಮ್ಮಿನ ಒಂದು ಬದಿಗೆ ಒಟ್ಟಿ, ದಿಂಡನ್ನು ಇನ್ನೊಂದು ಬದಿಗೆ, ಉರಿ ತಾಕದ ಕಡೆ ಇಟ್ಟಳು. ಕೆಂಡದ ಮೇಲೆ ಸೇಬಿನ ಮರದ ಒಂದೆರಡು ಚಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. ಕಿಂಡಿಯಿಂದ ನೀಲಿ ಹೊಗೆ ಸಣ್ಣಗೆ ಏಳತೊಡಗಿತು.

ಮಾವನಿಗೆ ನಂಬಿಕೆ ಬರಲಿಲ್ಲ. "ಉರಿ ಅಲ್ಲಿ, ಮಾಂಸ ಇಲ್ಲಿ. ಇದು ಬೇಯೋದು ನಾಳೆಗೇ," ಎಂದರು. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತರು. ಎದ್ದರು. ಮುಚ್ಚಳದ ಹಿಡಿಗೆ ಕೈ ಹಾಕಿದರು.

"ಮುಚ್ಚಳ ತೆಗೀಬೇಡಿ ಮಾವ."

"ನೋಡ್ತೀನಷ್ಟೇ."

"ನೋಡಿದ್ರೆ ಕಾವು ಹೋಗುತ್ತೆ. ಕೂತ್ಕೊಳ್ಳಿ."

ಕೂತರು. ಅವಳು ಒಳಗೆ ಸಾಸಿಗೆ ಸಕ್ಕರೆ ಕಲಸಲು ಹೋದಾಗ ಕಬ್ಬಿಣ ಕಿರ್ರೆಂದ ಸದ್ದಾಯಿತು. "ಮಾವಾ!" ಎಂದು ಕಿಟಕಿಯಿಂದಲೇ ಕೂಗಿದಳು. "ನಾನಲ್ಲ, ಗಾಳಿ!" ಎಂದರು ಮಾವ. ಗಾಳಿಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಹೊರಗೆ ಬಂದು ಕುರ್ಚಿಯನ್ನು ಗ್ರಿಲ್ಲಿನಿಂದ ದೂರಕ್ಕೆ ಎಳೆದು, ಅವರನ್ನು ಅದರಲ್ಲಿ ಕೂರಿಸಿ, ಎದುರಿಗೆ ತಾನೂ ಕೂತಳು.

"ಈ ವಾರ ಬಸ್ಸಲ್ಲಿ ಏನಾಯ್ತು ಗೊತ್ತಾ?" ಎಂದು ಶುರು ಮಾಡಿದಳು.

ಎಷ್ಟೋ ದಿನದ ಬಾಕಿ ಕಥೆಗಳಿದ್ದವು. ಮದುವೆಗೆ ಹೊರಟ ವರ ತಪ್ಪು ಬಸ್ಸು ಹತ್ತಿದ್ದು. ತನ್ನ ಛತ್ರಿಯನ್ನೇ ಕದ್ದವನ ಪಕ್ಕ ಕೂತು ಛತ್ರಿ ಕಳ್ಳರನ್ನು ಬೈದ ಮೇಷ್ಟರು. ಮಾವ ತೊಡೆ ತಟ್ಟಿಕೊಂಡು ನಕ್ಕರು, ನಡುವೆ ಬಾಯಿ ಹಾಕಿದರು, ಅವಳಿಗೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿದರು. ಮುಚ್ಚಳದ ನೆನಪೇ ಬರಲಿಲ್ಲ. ಕೊನೆಗೆ ಅವಳೇ ಎದ್ದು ತೆಗೆದಳು. ಹೊಗೆಯೆಲ್ಲ ಒಮ್ಮೆಲೇ ಮುಖಕ್ಕೆ ಬಂತು. ದಿಂಡು ಇಡಿಯಾಗಿತ್ತು. ಮೈಯೆಲ್ಲ ಕಂದಾಗಿ, ಬಿರುಕಿನಲ್ಲಿ ಕೊಬ್ಬು ಮಿನುಗುತ್ತಿತ್ತು. ಸಾಸು ಸವರಿ ಇನ್ನಷ್ಟು ಹೊತ್ತು ಬಿಟ್ಟು, ಕಡ್ಡಿ ಚುಚ್ಚಿ ನೋಡಿದಳು. ತಿಳಿಯಾದ ರಸ ಜಿನುಗಿತು.

ಗಂಡ ಅಂಗಡಿ ಮುಚ್ಚಿ ಬರುವಾಗ ಗೇಟಿನಲ್ಲೇ ಮೂಗರಳಿಸಿ ನಿಂತ. ಒಳಗೆ ಬಂದು ನೋಡಿದರೆ ಮೇಜಿನ ಮೇಲೆ ಮೂರು ತಟ್ಟೆ, ಮೂರು ಲೋಟ, ತಮ್ಮ ಎಂದಿನ ಕುರ್ಚಿಯಲ್ಲಿ ಅಪ್ಪ. ಕರವಸ್ತ್ರವನ್ನು ಕುತ್ತಿಗೆಗೆ ಕಟ್ಟಿಕೊಂಡು, ಚಾಕು ಹಿಡಿದು ಹೋಳು ಮಾಡುತ್ತಿದ್ದರು. ಅವನು ಶೂ ಬಿಚ್ಚಲೂ ಮರೆತು ಬಂದು ಕೂತುಬಿಟ್ಟ.

ಮಾವ ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಕೆನ್ನೆ ಆ ಕಡೆ ಈ ಕಡೆ ಆಡಿತು. ಒಂದು ಸಲ ನುಂಗಿದರು. ಸೊಸೆ ಪರೀಕ್ಷೆಯ ಫಲಿತಾಂಶಕ್ಕೆ ಕಾದವಳ ಹಾಗೆ ಸೆರಗಿಲ್ಲದ್ದಕ್ಕೆ ಅಂಗಿಯ ತುದಿಯನ್ನೇ ಹಿಂಡುತ್ತ ಕೂತಿದ್ದಳು.

"ಹ್ಯಾಗಿದೆ ಮಾವ?"

ಅವರು ಕೈ ತೋರಿಸಿ ತಡೆ ಎಂದರು. ಇನ್ನೊಂದು ತುತ್ತು ಹಾಕಿಕೊಂಡರು. ಅದು ಇಳಿದ ಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, ಕೂದಲು ಕೆದರುವ ಹಾಗೆ ಒಮ್ಮೆ ಅಲುಗಿಸಿದರು.

"ಅಷ್ಟು ವರ್ಷ ಕೊಚ್ಚಿದ ಮಾಂಸಾನ ಬೈದೆನಲ್ಲ," ಎಂದರು ಕೊನೆಗೆ. "ನಿನ್ನ ಅತ್ತೆ ಇದ್ದಿದ್ರೆ ಚೆನ್ನಾಗಿ ಆಡ್ಕೊಳ್ಳೋಳು. ಇಷ್ಟ ಅಂತ ಅವಳು ಖೀಮಾ ಕೇಳಿದಾಗೆಲ್ಲ ನಾನು ತುಂಡು ತಂದು ಹಾಕ್ತಿದ್ದೆ."

"ಅಮ್ಮಂಗೆ ಖೀಮಾ ಇಷ್ಟ ಇತ್ತಾ?" ಎಂದ ಗಂಡ. ಅವನಿಗದು ಗೊತ್ತಿರಲಿಲ್ಲ. ಅಮ್ಮ ಹೋದಾಗ ತೀರ ಸಣ್ಣವನು.

"ಅವಳಿಗೆ ಏನೇನು ಇಷ್ಟ ಇತ್ತು ಅಂತ ನಿಂಗೇನು ಗೊತ್ತು? ನೀನು ಯಾವತ್ತು ಕೇಳಿದ್ದೀಯ?"

"ಈಗ ಕೇಳ್ತಿದೀನಿ ಹೇಳಿ," ಎಂದ ಅವನು, ತಟ್ಟೆಯನ್ನು ಮುಂದಕ್ಕೆ ತಳ್ಳಿ ಇನ್ನೊಂದು ಹೋಳು ಕೇಳುತ್ತ.

ಮಾವ ಅವನಿಗೊಂದು ಹೋಳು ಬಡಿಸಿ, ತಮಗೊಂದು ಹಾಕಿಕೊಂಡು ಹೇಳತೊಡಗಿದರು. ಆಕೆ ಅಂಗಡಿಗೆ ಮೊದಲ ಸಲ ಬಂದು ತೂಕದಲ್ಲಿ ಮೋಸವೆಂದು ಜಗಳ ತೆಗೆದದ್ದರಿಂದ ಹಿಡಿದು. ಸೊಸೆಗೂ ಇದು ಹೊಸದು. ಗಂಡ ನಡುನಡುವೆ ಪ್ರಶ್ನೆ ಕೇಳುತ್ತಿದ್ದುದನ್ನು ನೋಡಿ ಅವಳಿಗೆ ಕೀಟಲೆ ಮಾಡಬೇಕೆನ್ನಿಸಿತು, ಆದರೆ ತಡೆದುಕೊಂಡಳು. ಮಾತು ನಿಂತು ಹೋದೀತು ಎಂಬ ಭಯ. ಎದ್ದು ಸದ್ದಾಗದ ಹಾಗೆ ನೀರಿನ ಜಗ್ಗು ತುಂಬಿಸಿ ತಂದು, ತನ್ನ ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡು ಕೂತಳು.